‘ಇವತ್ತು ಮೀನಿಲ್ಲ’ ಎನ್ನುವ ಹೋಟೆಲ್

ಕೊಪ್ಪ ಪೇಟೆಯಲ್ಲಿ ಒಂದು ಸಣ್ಣ ಮೀನೂಟದ ಹೋಟೆಲ್ ಇದೆ. ಆರು ಟೇಬಲ್, ಗೋಡೆಗೆ ತಾಗಿದ ಒಂದು ಉದ್ದ ಬೆಂಚು, ಗಲ್ಲದ ಹಿಂದೆ ಒಂದು ಕಪ್ಪು ಹಲಗೆ. ಹೊರಗಿನ ಬೋರ್ಡಿನಲ್ಲಿ ಹೋಟೆಲಿಗೆ ಏನೋ ಒಂದು ಹೆಸರಿದೆ, ಆದರೆ ಆ ಹೆಸರಿನಿಂದ ಯಾರೂ ಕರೆದದ್ದು ನಾನು ಕೇಳಿಲ್ಲ. ಎಲ್ಲರಿಗೂ ಅದು ‘ಕಾಕನ ಹೋಟೆಲ್’. ಇಲ್ಲಿಯೂ ಹಾಗೇ ಇರಲಿ. “ಪೇಪರಲ್ಲಿ ಹೆಸ್ರು ಹಾಕ್ಬೇಡಿ ಮಾರಾಯ್ರೆ. ಜನ ಜಾಸ್ತಿ ಬಂದ್ರೆ ಮೀನು ಎಲ್ಲಿಂದ ತರ್ಲಿ?” ಎಂದು ಕಾಕನೇ ಹೇಳಿದ್ದಾರೆ.

ಹೋದ ಆಗಸ್ಟ್‌ನಲ್ಲಿ ದುಬೈಯಿಂದ ರಜೆಗೆ ಬಂದಿದ್ದ ನನ್ನ ಅಕ್ಕನ ಮಗನನ್ನು ಅಲ್ಲಿಗೆ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನದ ಒಂದೂವರೆ. ಕುಚ್ಚಲಕ್ಕಿ ಅನ್ನ, ಬೂತಾಯಿ ಗಸಿ, ಕಾದ ತೆಂಗಿನೆಣ್ಣೆಯಲ್ಲಿ ಹುರಿದ ಬಂಗುಡೆ. ಹುಡುಗ ತಟ್ಟೆ ನೋಡಿ ನಕ್ಕ. “ಮಾಮ, ನಮ್ಮ ಫ್ಲಾಟಿನ ಕೆಳಗೆ ಒಂದು ಸುಶಿ ಅಂಗಡಿ ಉಂಟು. ಅಲ್ಲಿಯೂ ಇಷ್ಟೇ, ಅನ್ನ ಮತ್ತು ಮೀನು. ಆದ್ರೆ ಮೀನು ಬೇಯ್ಸಲ್ಲ” ಎಂದ.

ಪಕ್ಕದ ಟೇಬಲಿನ ಅಡಿಕೆ ತೋಟದ ಗೌಡರು ತುತ್ತು ಕೈಯಲ್ಲೇ ಹಿಡಿದು ಇವನನ್ನು ನೋಡಿದರು. ಗಲ್ಲದಲ್ಲಿದ್ದ ಕಾಕ ಕನ್ನಡಕ ಸರಿಮಾಡಿಕೊಂಡರು. “ಹಸಿ ಮೀನಾ ಮೋನೇ? ತಿನ್ತೀಯಾ ನೀನು?”

“ವಾರಕ್ಕೊಂದ್ಸಲ ತಿಂತೇನೆ ಕಾಕ. ಆರು ವರ್ಷ ಆಯ್ತು, ಒಂದಿನ ಹೊಟ್ಟೆ ಕೆಟ್ಟಿಲ್ಲ.”

ಕಾಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದುಹೋಯಿತು. “ಹಾಗಾದ್ರೆ ಅವ್ನು ನನ್ಗಿಂತ ಸುಖಿ. ಹಸಿ ಮೀನು ಕೊಡೋನು ಸುಳ್ಳು ಹೇಳಿದ್ರೆ ಅವತ್ತೇ ಗೊತ್ತಾಗ್ತದೆ. ನಾನಾದ್ರೆ ಮೆಣಸು, ಹುಳಿ ಹಾಕಿ ಏನನ್ನೂ ಮುಚ್ಚಬಹುದು. ಮುಚ್ಚಬಾರ್ದು ಅಂತ ದಿನಾ ನನ್ಗೆ ನಾನೇ ಹೇಳ್ಕೊಬೇಕು.”

ಸುಶಿಯ ಹಿಂದಿನ ಕಥೆ

ಹುಡುಗ ಹೇಳಿದ್ದರಲ್ಲಿ ಒಂದು ತಿದ್ದುಪಡಿ ಬೇಕು. ಸುಶಿ ಎಂದರೆ ಹಸಿ ಮೀನು ಎಂದಲ್ಲ. ಹುಳಿ ಹಾಕಿದ ಅನ್ನ ಎಂದು. ಅದರ ಮೂಲವೂ ತಾಜಾ ಮೀನಲ್ಲ, ಮೀನು ಕೆಡದಂತೆ ಇಡುವ ಉಪಾಯ. ಹಿಂದಿನ ಕಾಲದಲ್ಲಿ ಉಪ್ಪು ಹಾಕಿದ ಮೀನನ್ನು ಅನ್ನದ ನಡುವೆ ಹುದುಗಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ಅನ್ನ ಹುಳಿಬಂದು ಮೀನನ್ನು ಕಾಯುತ್ತಿತ್ತು. ಕೊನೆಗೆ ಅನ್ನ ಬಿಸಾಡಿ ಮೀನು ಮಾತ್ರ ತಿನ್ನುತ್ತಿದ್ದರು. ಜಪಾನಿನ ಬಿವಾ ಸರೋವರದ ಸುತ್ತಮುತ್ತ ಫುನಾಜುಶಿ ಎಂಬ ಹೆಸರಿನಲ್ಲಿ ಈ ಹಳೆಯ ಕ್ರಮ ಇವತ್ತಿಗೂ ಉಳಿದಿದೆ.

ಕಾಯುವಷ್ಟು ಸಮಯ ಇಲ್ಲದವರು ಅನ್ನಕ್ಕೆ ನೇರವಾಗಿ ವಿನೆಗರ್ ಹಾಕಲು ಶುರುಮಾಡಿದರು. ಈಗಿನ ಟೋಕಿಯೋಗೆ ಆಗ ಎಡೋ ಎಂದು ಹೆಸರು. ಅಲ್ಲಿ 1820ರ ದಶಕದ ಹೊತ್ತಿಗೆ ಹುಳಿ ಅನ್ನದ ಮೇಲೆ ಒಂದು ತುಂಡು ಮೀನಿಟ್ಟು ಕೈಯಲ್ಲೇ ಒತ್ತಿ ಕೊಡುವ ಸುಶಿ ಬಂತು. ಹನಯಾ ಯೊಹೇ ಎಂಬವರ ಹೆಸರು ಇದರ ಜೊತೆ ಸೇರಿಕೊಂಡಿದೆ. ಬೀದಿಯ ಗಾಡಿಯ ಮುಂದೆ ನಿಂತುಕೊಂಡೇ ತಿಂದು ಕೆಲಸಕ್ಕೆ ಓಡುವವರ ಊಟ ಅದು. ಐಸ್ ಇಲ್ಲದ ಕಾಲವಾದ್ದರಿಂದ ಆ ಮೀನನ್ನೂ ಉಪ್ಪು, ವಿನೆಗರ್ ಅಥವಾ ಸೋಯಾ ರಸದಲ್ಲಿ ನೆನೆಸಿಯೇ ಕೊಡುತ್ತಿದ್ದರು. ನಮ್ಮ ಬಂದರಿನ ಹೊರೆಯಾಳುಗಳ ಮೀನೂಟಕ್ಕೂ ಇದಕ್ಕೂ ದೊಡ್ಡ ಅಂತರ ಕಾಣುವುದಿಲ್ಲ.

ಅಂಥ ಅಂಗಡಿಗಳಲ್ಲಿ ‘ಒಮಾಕಸೆ’ ಎಂಬ ಒಂದು ಮಾತು ಇದೆಯಂತೆ. ‘ನಿಮಗೇ ಬಿಟ್ಟಿದ್ದೇನೆ’ ಎಂದು ಅರ್ಥ. ಗಿರಾಕಿ ಮೆನು ನೋಡುವುದಿಲ್ಲ. ಇವತ್ತು ಯಾವ ಮೀನು ಒಳ್ಳೆಯದಿದೆಯೋ ಅದನ್ನು ಅಂಗಡಿಯವನೇ ಆರಿಸಿ ಕೊಡುತ್ತಾನೆ. ಹುಡುಗ ಇದನ್ನು ವಿವರಿಸುತ್ತಿದ್ದಾಗಲೇ ಒಳಗೆ ಬಂದ ಕೆಎಸ್‌ಆರ್‌ಟಿಸಿ ಡ್ರೈವರ್ ಒಬ್ಬರು ಕೈ ತೊಳೆಯುತ್ತಾ ಕೂಗಿದರು: “ಕಾಕಾ, ಯಾವ್ದು ಚೆನ್ನಾಗಿದ್ಯೋ ಅದು ಹಾಕ್ಸಿ.” ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಹಲಾಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು; ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ಇರುವ ನಮ್ಮ ಮಕ್ಕಳು ಇದನ್ನು ಕೇಳುತ್ತಿರುತ್ತಾರೆ. ಮೀನನ್ನು ಬಿಸ್ಮಿ ಹೇಳಿ ಕೊಯ್ಯಬೇಕೆಂಬ ನಿಯಮವಿಲ್ಲ, ಹಾಗಾಗಿ ಮೀನಿನ ಮಟ್ಟಿಗೆ ತೊಂದರೆಯಿಲ್ಲ. ಕೇಳಬೇಕಾದ್ದು ಅನ್ನ ಮತ್ತು ಸಾಸಿನ ಬಗ್ಗೆ. ಕೆಲವು ಅಂಗಡಿಗಳಲ್ಲಿ ಅವಕ್ಕೆ ಮಿರಿನ್ ಎಂಬ, ಅಕ್ಕಿಯಿಂದ ಮಾಡಿದ ಸಿಹಿ ಮದ್ಯ ಸೇರಿಸುತ್ತಾರೆ. ಅಸಲಿ ಮಿರಿನ್‌ನಲ್ಲಿ ಸುಮಾರು ಶೇ. 14ರಷ್ಟು ಮದ್ಯಸಾರ ಇರುತ್ತದೆ. “ಮಿರಿನ್ ಹಾಕ್ತೀರಾ?” ಎಂದು ಒಂದು ಮಾತು ಕೇಳಿದರೆ ಸಾಕು. ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಘಟ್ಟ ಹತ್ತುವ ಮೀನು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ – ಮೂರಕ್ಕೂ ಸಮುದ್ರವಿಲ್ಲ. ಆದರೂ ಮೂರೂ ಕಡೆ ಸಮುದ್ರದ ಮೀನು ತಿನ್ನುವವರಿದ್ದಾರೆ. ಮಂಗಳೂರಿನ ದಕ್ಕೆಯಲ್ಲಿ ಬೆಳಕು ಹರಿಯುವ ಮುಂಚೆ ಹರಾಜಾದ ಮೀನು ಐಸಿನ ಪೆಟ್ಟಿಗೆಯಲ್ಲಿ ಕುಳಿತು ಕಾರ್ಕಳ, ಮಾಳ ದಾಟಿ, ಕುದುರೆಮುಖದ ಕಾಡಿನೊಳಗೆ ಕೆರೆಕಟ್ಟೆ ಹಾದು ಶೃಂಗೇರಿಗೆ ಬರುತ್ತದೆ. ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದಾರಿ. ಅಲ್ಲಿಂದ ಕೊಪ್ಪ, ಮುಂದೆ ಎನ್.ಆರ್. ಪುರ. ಮಲ್ಪೆಯ ಮೀನಿಗೆ ಹೆಬ್ರಿ, ಆಗುಂಬೆಯ ದಾರಿ. ಅಲ್ಲಿ ಹದಿನಾಲ್ಕು ತಿರುವಿನ ಘಾಟಿ ಹತ್ತಬೇಕು. ಪೆಟ್ಟಿಗೆ ಇಳಿದ ಮೇಲೆ ಒಂದು ಪಾಲು ಹೋಟೆಲಿಗೆ, ಒಂದು ಪಾಲು ಮಾರ್ಕೆಟಿಗೆ, ಇನ್ನೊಂದು ಪಾಲು ಬೈಕಿನ ಹಿಂದೆ ಕಟ್ಟಿಕೊಂಡು ಪೊಂ ಪೊಂ ಹಾರ್ನ್ ಹಾಕುತ್ತಾ ತೋಟದ ಮನೆಗಳ ಕಡೆ ಹೋಗುವವರಿಗೆ.

ಕಾಕನ ಉಪ್ಪನ ಕಾಲದಲ್ಲಿ ಇಷ್ಟೆಲ್ಲ ಇರಲಿಲ್ಲ. ಘಟ್ಟ ಹತ್ತುತ್ತಿದ್ದದ್ದು ಒಣಮೀನು, ಅದೂ ತಲೆಹೊರೆಯಲ್ಲಿ. ಮಳೆಗಾಲ ಹಿಡಿಯುವ ಮುಂಚೆ ಮಲೆನಾಡಿನ ಮನೆಗಳಲ್ಲಿ ಸೌದೆ, ಹಪ್ಪಳ, ಉಪ್ಪಿನಕಾಯಿಯ ಜೊತೆ ಒಣಮೀನಿನ ಕಟ್ಟೂ ಅಟ್ಟ ಸೇರುತ್ತಿತ್ತು. ಕೆಳಗಿನಿಂದ ಮೀನು, ಉಪ್ಪು ತಂದವರು ಮೇಲಿನಿಂದ ಅಡಿಕೆ, ಕಾಳುಮೆಣಸು ಕೊಂಡು ಇಳಿಯುತ್ತಿದ್ದರು. ಹಾಗೆ ಹತ್ತಿ ಇಳಿಯುತ್ತಿದ್ದ ಬ್ಯಾರಿಗಳಲ್ಲಿ ಕೆಲವರು ಇಲ್ಲೇ ನಿಂತರು. ನಮ್ಮಲ್ಲಿ ಎಷ್ಟೋ ಮನೆಗಳ ಕಥೆ ಇದೇ.

ಕಾಕ ಈಗಲೂ ಬೆಳಿಗ್ಗೆ ತಾನೇ ಹೋಗಿ ಪೆಟ್ಟಿಗೆ ನೋಡುತ್ತಾರೆ. ಮೊದಲು ಕಣ್ಣು: ಉಬ್ಬಿ ಹೊಳೆಯುತ್ತಿರಬೇಕು, ಒಳಗೆ ಹೋಗಿ ಮಂಜಾಗಿರಬಾರದು. ಆಮೇಲೆ ಕಿವಿರು ಎತ್ತಿ ನೋಡುತ್ತಾರೆ: ಕೆಂಪಿರಬೇಕು, ಕಂದು ಬಣ್ಣಕ್ಕೆ ತಿರುಗಿದ್ದರೆ ಬೇಡ. ಹೊಟ್ಟೆಯ ಹತ್ತಿರ ಬೆರಳಿನಿಂದ ಒತ್ತಿದರೆ ಗುಳಿ ಕೂಡಲೇ ತುಂಬಬೇಕು. ಕೊನೆಗೆ ಮೂಗು. “ಸಮುದ್ರದ ವಾಸ್ನೆ ಬಂದ್ರೆ ಮೀನು, ಮೂಗಿಗೆ ಹೊಡೆದ್ರೆ ಗೊಬ್ಬರ” ಎನ್ನುತ್ತಾರೆ.

ಬಂಗುಡೆ, ಬೂತಾಯಿಯ ವಿಷಯದಲ್ಲಂತೂ ಅವರು ಇನ್ನೂ ಕಟ್ಟುನಿಟ್ಟು. ಅದಕ್ಕೆ ಕಾರಣವಿದೆ. ಈ ಮೀನುಗಳು ಐಸಿಲ್ಲದೆ ಕೆಲವು ಗಂಟೆ ಇದ್ದರೆ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ತಿಂದವರಿಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ವಾಂತಿ. ಎಷ್ಟು ಬೇಯಿಸಿದರೂ, ಎಷ್ಟು ಹುರಿದರೂ ಆ ಹಿಸ್ಟಮಿನ್ ಹೋಗುವುದಿಲ್ಲ. “ಚೆನ್ನಾಗಿ ಬೇಯ್ಸಿದೆ, ಏನೂ ಆಗಲ್ಲ” ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕಾಕನಿಗೆ ಹಿಸ್ಟಮಿನ್ ಹೆಸರು ಗೊತ್ತಿಲ್ಲ. ಹಾಳಾದ ಬಂಗುಡೆಯನ್ನು ಒಲೆ ಸರಿಮಾಡುವುದಿಲ್ಲ ಎನ್ನುವುದು ಮಾತ್ರ ಗೊತ್ತು.

2018ರ ಜೂನ್‌ನಲ್ಲಿ ಕೇರಳದ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಫಾರ್ಮಾಲಿನ್ ಹಾಕಿದ ಮೀನಿನ ಲಾರಿಗಳು ಸಿಕ್ಕಿದ ಸುದ್ದಿ ನಿಮಗೆ ನೆನಪಿರಬಹುದು. ಆಗ ಘಟ್ಟದ ಮೇಲೂ ಜನ ಮೀನಿನ ಹೆಸರೆತ್ತಿದರೆ ಹೆದರುತ್ತಿದ್ದರು. ಕಾಕನ ಹೋಟೆಲಿನಲ್ಲಿ ಗಿರಾಕಿ ಕಡಿಮೆಯಾದರು, ಆದರೆ ನಿಲ್ಲಲಿಲ್ಲ. ಮಾಮೂಲಿ ಗಿರಾಕಿಗಳು ಅಡುಗೆಮನೆಗೇ ನುಗ್ಗಿ ಮೀನು ನೋಡಿ ಬಂದು ಕೂರುತ್ತಿದ್ದರು. ಕಾಕ ಬೇಡ ಎನ್ನಲಿಲ್ಲ. ಅಡುಗೆಮನೆಯ ಬಾಗಿಲ ಪರದೆ ಆವತ್ತು ತೆಗೆದದ್ದು, ಮತ್ತೆ ಹಾಕಿಲ್ಲ.

ಅದರ ನಂತರ 2022ರ ಯುಗಾದಿ ಹೊತ್ತಿಗೆ ಹಲಾಲಿನ ಹೆಸರಿನಲ್ಲಿ ರಾಜ್ಯದಲ್ಲೆಲ್ಲ ಗಲಾಟೆ ಎದ್ದಿತು. ಯಾರ ಅಂಗಡಿಯಲ್ಲಿ ಕೊಳ್ಳಬೇಕು, ಯಾರ ಹತ್ತಿರ ಬೇಡ ಎಂಬ ಮಾತು ಹಳ್ಳಿಗೂ ಬಂತು. ಆ ದಿನಗಳ ಬಗ್ಗೆ ಕಾಕ ಹೆಚ್ಚು ಮಾತಾಡುವುದಿಲ್ಲ. ಮೊದಲು ಹೇಳಿದ ಅಡಿಕೆ ತೋಟದ ಗೌಡರು ಮಾತ್ರ ನಗುತ್ತಾ ಹೇಳಿದರು: “ನಾನು ಇಪ್ಪತ್ತು ವರ್ಷದಿಂದ ಇಲ್ಲಿ ಉಣ್ತಾ ಇದೀನಿ. ಮೀನು ಕೆಟ್ಟಿದ್ರೆ ಮಾತ್ರ ಬರೋದು ಬಿಡ್ತಿದ್ದೆ.”

ಮೂರು ಊರು, ಮೂರು ತಟ್ಟೆ

ಮೀನು ಒಂದೇ ದಾರಿಯಲ್ಲಿ ಬಂದರೂ ಮೂರು ಊರುಗಳಲ್ಲಿ ತಟ್ಟೆ ಬೇರೆ ಬೇರೆ.

ಶೃಂಗೇರಿಯಲ್ಲಿ ಶಾರದಾ ಪೀಠದ ಎದುರು ತುಂಗೆಯಲ್ಲಿ ದೊಡ್ಡ ದೊಡ್ಡ ಮೀನುಗಳಿವೆ. ಬಂದವರು ಮಂಡಕ್ಕಿ ಹಾಕುತ್ತಾರೆ, ಮೀನು ಗುಂಪಾಗಿ ಮೇಲೆ ಬರುತ್ತವೆ. ಅವನ್ನು ಯಾರೂ ಹಿಡಿಯುವಂತಿಲ್ಲ. ಆ ರಕ್ಷಣೆಯಿಂದಲೇ ಅಲ್ಲಿ ಮಹಶೀರ್ ಜಾತಿಯ ಮೀನುಗಳು ಉಳಿದುಕೊಂಡಿವೆ. ಕಾಲಬುಡದಲ್ಲೇ ಅಷ್ಟು ಮೀನಿದ್ದರೂ ಊಟದ ಮೀನು ನೂರು ಕಿಲೋಮೀಟರ್ ದೂರದಿಂದ ಬರಬೇಕು. ನಮ್ಮವರಲ್ಲಿ ಇದರ ಬಗ್ಗೆ ಯಾರೂ ಗೊಣಗಿದ್ದು ನಾನು ಕೇಳಿಲ್ಲ. ಮಠದ ಆಸುಪಾಸಿನಲ್ಲಿ ಸಸ್ಯಾಹಾರದ ಹೋಟೆಲುಗಳು. ಮೀನು ಬೇಕಾದವರು ಸ್ವಲ್ಪ ಆಚೆ ನಡೆದು ಹೋಗುತ್ತಾರೆ, ತಿಂದು ಬರುತ್ತಾರೆ. ಊರು ಎಂದರೆ ಹೀಗೆ ಕೆಲವು ಅಡಿ ಜಾಗ ಬಿಟ್ಟುಕೊಟ್ಟು ಬದುಕುವುದು.

ನರಸಿಂಹರಾಜಪುರದ್ದು ಬೇರೆ ಕಥೆ. ಹಿಂದಿನ ಎಡೇಹಳ್ಳಿಗೆ ಮೈಸೂರಿನ ಯುವರಾಜರ ಹೆಸರಿಟ್ಟ ಊರು ಇದು. 1965ರಲ್ಲಿ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಮುಗಿದ ಮೇಲೆ ಹಿನ್ನೀರು ಊರಿನ ಬದಿಗೇ ಬಂತು. ಹಾಗಾಗಿ ಇಲ್ಲಿ ಸಮುದ್ರದ ಮೀನಿನ ಜೊತೆ ಭದ್ರೆಯ ಕಾಟ್ಲಾ, ರೋಹು ಕೂಡ ಸಿಗುತ್ತದೆ. ಕೇರಳದಿಂದ ಬಂದು ರಬ್ಬರ್ ಹಾಕಿದ ಕ್ರಿಶ್ಚಿಯನ್ ಕುಟುಂಬಗಳು ಸುತ್ತಮುತ್ತ ಸಾಕಷ್ಟಿವೆ. ಅವರಿಂದಾಗಿ ಬೇಯಿಸಿದ ಮರಗೆಣಸಿನ ಜೊತೆ ಕುಡಂಪುಳಿ ಹಾಕಿದ ಕೆಂಪು ಮೀನು ಸಾರು ಊರಿನ ರುಚಿಯಾಗಿದೆ. ಕುಡಂಪುಳಿ ಅಂದರೆ ಬೇರೇನಲ್ಲ, ನಮ್ಮ ಮಲೆನಾಡಿನ ಉಪ್ಪಾಗೆ. ಅದರ ಹುಳಿ ರುಚಿಗಷ್ಟೇ ಅಲ್ಲ, ಸಾರು ಮಾರನೇ ದಿನಕ್ಕೆ ಕೆಡದಂತೆಯೂ ಕಾಯುತ್ತದೆ. ಜಪಾನಿನವರು ವಿನೆಗರ್‌ನಿಂದ ಮಾಡಿದ್ದನ್ನು ಇಲ್ಲಿ ಉಪ್ಪಾಗೆ ಮಾಡುತ್ತದೆ. (ಹಾಗಂತ ಹಿನ್ನೀರಿನ ಮೀನನ್ನು ಹಸಿಯಾಗಿ ತಿನ್ನಲು ಯಾರೂ ಹೊರಡಬೇಡಿ. ಸಿಹಿನೀರಿನ ಮೀನಿನಲ್ಲಿ ಮನುಷ್ಯರಿಗೆ ಅಂಟುವ ಹುಳುಗಳಿರುವ ಅಪಾಯ ಇದೆ; ಅದನ್ನು ಬೇಯಿಸಿಯೇ ತಿನ್ನಬೇಕು.)

ಕೊಪ್ಪದಲ್ಲಿ ಕಾಕನ ಹೋಟೆಲ್. ಬೆಳಿಗ್ಗೆ ಪತ್ತಿರ್ ಮತ್ತು ಮೀನು ಸಾರು, ಮಧ್ಯಾಹ್ನ ಅನ್ನ, ಸಂಜೆ ಬಾಗಿಲು ಹಾಕುತ್ತಾರೆ. ಶುಕ್ರವಾರ ಜುಮಾ ಮುಗಿದ ಮೇಲೆ ಬೆಂಚಿನಲ್ಲಿ ಜಾಗ ಸಿಗುವುದಿಲ್ಲ. ಗಲ್ಲದ ಹಿಂದಿನ ಕಪ್ಪು ಹಲಗೆಯಲ್ಲಿ ಆ ದಿನದ ಮೀನು, ಆ ದಿನದ ರೇಟು ಸೀಮೆಸುಣ್ಣದಲ್ಲಿ. ಹರಾಜಿನ ಬೆಲೆ ದಿನಾ ಬದಲಾಗುವಾಗ ಅಚ್ಚು ಹಾಕಿಸಿದ ಮೆನು ಇಟ್ಟುಕೊಂಡು ಏನು ಮಾಡುವುದು?

ಜುಲೈ ತಿಂಗಳ ಆ ಮಧ್ಯಾಹ್ನ

ಮೀನೂಟದ ಹೋಟೆಲಿಗೆ ಕಷ್ಟಕಾಲ ಜೂನ್, ಜುಲೈ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಮಾಡುವ ಕಾಲ. ನಾಡದೋಣಿಯವರು ತಂದದ್ದು ಅಷ್ಟಿಷ್ಟು ಸಿಗುತ್ತದೆ. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಆದ್ದರಿಂದ ಜೂನ್ ಮಧ್ಯದ ಮೇಲೆ ಆ ಕಡೆಯ ಮೀನು ಲಾರಿಗಳಲ್ಲಿ ದೂರದಿಂದ ಬರುತ್ತದೆ. ಎಷ್ಟು ದಿನದ ಮೀನೋ, ದಾರಿಯಲ್ಲಿ ಎಷ್ಟು ಸಲ ಐಸ್ ಬದಲಾಯಿತೋ, ಕಾಕನಿಗೆ ಅದರ ಮೇಲೆ ನಂಬಿಕೆ ಕಡಿಮೆ. ಅದೇ ಎರಡು ತಿಂಗಳು ಮಲೆನಾಡಿಗೆ ಜಡಿಮಳೆ. ಘಾಟಿಯಲ್ಲಿ ಗುಡ್ಡ ಜರಿದರೆ, ಮರ ಬಿದ್ದರೆ ಅದೂ ಬರುವುದಿಲ್ಲ.

ಅಂಥ ಒಂದು ಜುಲೈ ಮಧ್ಯಾಹ್ನ ನಾನು ಅಲ್ಲಿದ್ದೆ. ಬೆಳಿಗ್ಗೆಯ ವ್ಯಾನ್ ಬಂದಿರಲಿಲ್ಲ. ಸಿರಿಮನೆ ಜಲಪಾತ ನೋಡಿ ಬಂದ ಒಂದು ಮಿನಿ ಬಸ್ ಹೋಟೆಲಿನ ಮುಂದೆ ನಿಂತಿತು. ಇಪ್ಪತ್ತೆರಡು ಜನ. ತೊಯ್ದು ತೊಪ್ಪೆಯಾಗಿದ್ದಾರೆ, ಹಸಿದಿದ್ದಾರೆ, ಮೀನೇ ಬೇಕು ಎನ್ನುತ್ತಾರೆ. ಹೋಟೆಲಿನಲ್ಲಿ ಹಿಂದಿನ ದಿನ ಉಳಿದ ಮೀನು ಫ್ರಿಜ್ಜಿನಲ್ಲಿತ್ತು. ಕಾಕನ ಮಗ ಒಳಗಿನಿಂದ ಬಂದು ಮೆಲ್ಲಗೆ ಹೇಳಿದ: “ಉಪ್ಪ, ನಿನ್ನೇದು ಉಂಟಲ್ಲ. ಪುಳಿಮುಂಚಿ ಮಾಡಿದ್ರೆ ಆಗ್ತದೆ.”

“ನಿನ್ನೇದು ಅಂತ ಹೇಳಿದ್ರೆ ಅವ್ರು ತಿನ್ನಲ್ಲ. ಹೇಳದಿದ್ರೆ ನಾನು ಕೊಡಲ್ಲ.”

ಕಾಕ ಎದ್ದು ಹಲಗೆ ಒರೆಸಿ ‘ಇವತ್ತು ಮೀನಿಲ್ಲ’ ಎಂದು ಬರೆದರು. ಬಸ್ಸಿನವರು ಗೊಣಗುತ್ತಾ ಹೊರಟುಹೋದರು. ಉಳಿದ ನಮ್ಮಂಥ ನಾಲ್ಕೈದು ಮಂದಿಗೆ ಬಿಸಿ ಗಂಜಿ, ಒಣ ಸಿಗಡಿ ಚಟ್ನಿ, ಸುಟ್ಟ ಹಪ್ಪಳ ಸಿಕ್ಕಿತು. ಹೊರಗೆ ಮಳೆ ಹೊಡೆಯುತ್ತಿತ್ತು. ಗಂಜಿ ಬಹಳ ರುಚಿಯಾಗಿತ್ತು. ಆದರೆ ಮಗನ ಮುಖ ನೋಡಿದರೆ ನುಂಗಲು ಕಷ್ಟವಾಗುತ್ತಿತ್ತು.

ಅವನದ್ದು ತಪ್ಪು ಎಂದು ಹೇಳಲಾರೆ. ಲೆಕ್ಕ ಬರೆಯುವವನು ಅವನು. “ಖಾಲಿ ಕುರ್ಚಿಗೂ ಬಾಡಿಗೆ ಉಂಟು” ಎಂದು ಆವತ್ತು ನನ್ನ ಹತ್ತಿರ ಹೇಳಿದ. ಗ್ಯಾಸ್ ಸಿಲಿಂಡರ್, ಇಬ್ಬರು ಕೆಲಸದವರ ಸಂಬಳ, ಕರೆಂಟ್ ಬಿಲ್ಲು. ಅವನ ಜೊತೆ ಓದಿದವರು ಗಲ್ಫ್‌ಗೆ ಹೋಗಿ ಮನೆ ಕಟ್ಟಿದ್ದಾರೆ. ಅವನ ಮುಂದೆ ಎರಡು ದಾರಿ: ಮೀನು ಬಿಟ್ಟು ಗೋಬಿ ಮಂಚೂರಿ, ಫ್ರೈಡ್ ರೈಸ್ ಹಾಕುವುದು, ಇಲ್ಲವೇ ಅಂಗಡಿ ಬಿಟ್ಟು ವೀಸಾ ಹುಡುಕುವುದು. ಕಾಕನಿಗೆ ಅರುವತ್ತೆಂಟು. ‘ಮೀನಿಲ್ಲ’ ಎಂದು ಹೇಳುವ ಧೈರ್ಯ ಇನ್ನೆಷ್ಟು ದಿನ ಹೋಟೆಲನ್ನು ಸಾಕುತ್ತದೆ ಎಂಬ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರವಿರಲಿಲ್ಲ.

ಹಲಗೆಗೆ ಬಿದ್ದ ಗೆರೆ

ಆಗಸ್ಟ್‌ನ ಆ ಊಟದ ದಿನಕ್ಕೆ ಮತ್ತೆ ಬರುತ್ತೇನೆ. ತಟ್ಟೆ ಖಾಲಿಯಾಗಿತ್ತು. ಕಾಕನ ಮಗ ನೀರಿನ ಜಗ್ ಇಡಲು ಬಂದವನು ನನ್ನ ಅಳಿಯನ ಹತ್ತಿರ ಕೇಳಿದ: “ಆ ಸುಶಿ ಅಂಗಡಿಗೆ ದಿನಾ ತಾಜಾ ಮೀನು ಬರ್ತದಾ?”

“ಎಲ್ಲಿ ಬರೋದು? ಹೆಚ್ಚಿನದು ಫ್ರೀಜ್ ಮಾಡಿದ್ದೇ” ಎಂದ ಇವನು.

ಅದು ನಿಜ. ಹಸಿಯಾಗಿ ತಿನ್ನುವ ಮೀನಿನಲ್ಲಿರಬಹುದಾದ ಹುಳುಗಳು ಸಾಯಬೇಕೆಂದರೆ ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಡಬೇಕು ಎಂಬುದು ಅಮೆರಿಕದ ಆಹಾರ ಇಲಾಖೆಯ ಸೂಚನೆ. ಲೋಕದ ದೊಡ್ಡ ದೊಡ್ಡ ಸುಶಿ ಅಂಗಡಿಗಳಲ್ಲಿ ಸಿಗುವ ಮೀನಿನಲ್ಲಿ ಬಹುಪಾಲು ಒಮ್ಮೆ ಕಲ್ಲಾಗಿ ಕರಗಿದ್ದೇ. ಫ್ರೀಜರ್ ಎಂದರೆ ಮೋಸ ಎಂದಲ್ಲ. ಒಳ್ಳೆಯ ಮೀನನ್ನು ಬಂದ ದಿನವೇ ಫ್ರೀಜರಿಗೆ ಹಾಕಿದರೆ ಅದು ಒಳ್ಳೆಯ ಮೀನಾಗಿಯೇ ಹೊರಬರುತ್ತದೆ. ಎರಡು ದಿನ ಮಾರಿ, ಉಳಿದದ್ದನ್ನು ಹಾಕಿದರೆ ಹೊರಬರುವುದು ಹಳೆ ಮೀನೇ.

ಮಗ ಉಪ್ಪನ ಮುಖ ನೋಡಿದ. ಕಾಕ ಬಹಳ ಹೊತ್ತು ಏನೂ ಹೇಳಲಿಲ್ಲ. ಮತ್ತೆ ಕೇಳಿದರು: “ಅವ್ರು ಗಿರಾಕಿಗೆ ಹೇಳ್ತಾರಾ, ಇದು ಫ್ರೀಜರಿಂದು ಅಂತ?”

“ಕೇಳಿದ್ರೆ ಹೇಳ್ತಾರೆ ಕಾಕ.”

“ಕೇಳದಿದ್ರೂ ಹೇಳ್ಬೇಕು.”

ಹೋದ ತಿಂಗಳು ಹೋದಾಗ ಹಲಗೆಯ ನಡುವೆ ಒಂದು ಗೆರೆ ಬಿದ್ದಿತ್ತು. ಎಡಗಡೆ ‘ಇವತ್ತಿಂದು’, ಬಲಗಡೆ ‘ಫ್ರೀಜರಿಂದು’. ಬಲಗಡೆಯ ರೇಟು ಸ್ವಲ್ಪ ಕಡಿಮೆ. ಬರವಣಿಗೆ ಮಗನದ್ದು. ಅಡುಗೆಮನೆಯ ಮೂಲೆಯಲ್ಲಿ ಒಂದು ಡೀಪ್ ಫ್ರೀಜರ್, ಸಾಲದಲ್ಲಿ ತಂದದ್ದು. ಪ್ರತಿ ಪ್ಯಾಕೆಟ್ಟಿನ ಮೇಲೆ ತಾರೀಕು ಬರೆದ ಚೀಟಿ. ಮೊದಲ ವಾರ ಬಲಗಡೆಯ ಮೀನನ್ನು ಯಾರೂ ಮುಟ್ಟಲಿಲ್ಲವಂತೆ. ಎರಡನೇ ವಾರ ಅಡಿಕೆ ತೋಟದ ಗೌಡರು ಒಂದು ಅಂಜಲ್ ಫ್ರೈ ಹೇಳಿದರು, ತಿಂದರು, ಇನ್ನೊಂದು ಹೇಳಿದರು. ಈಗ ದಿನಕ್ಕೆ ಹತ್ತು ಹನ್ನೆರಡು ಪ್ಲೇಟ್ ಹೋಗುತ್ತದೆ ಎಂದು ಮಗ ಹೇಳಿದ. ವೀಸಾದ ಮಾತು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಕಾಕನಿಗೆ ಮಾತ್ರ ಇನ್ನೂ ಪೂರ್ತಿ ಸಮಾಧಾನವಿಲ್ಲ. “ಫ್ರೀಜರಿಂದು ಅಂತ ಬರೆದು ಮಾರೋದು ಸರಿಯೇ. ಆದ್ರೆ ನನ್ಗೆ ಅದ್ರ ಕಣ್ಣು ನೋಡೋಕಾಗಲ್ಲ” ಎಂದು ಗೊಣಗುತ್ತಾರೆ. ನಾನು ಕೈ ತೊಳೆದು ಬಂದು ಬೆಂಚಿನಲ್ಲಿ ಕೂತೆ. ಏನು ಬೇಕು ಎಂದು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಎಡಗಡೆಯ ಬಂಗುಡೆ ನನ್ನ ತಟ್ಟೆಗೆ ಬಂತು.